ವಿಜ್ಞಾನಿಯ ಆತ್ಮಕಥೆ ನೋಟ್‌ಬುಕ್ಕಿನಿಂದ ಶುರುವಾಗಲಿ

ವಿಜ್ಞಾನಿಯ ಕೈಗೆ ಪೆನ್ನು ಕೊಟ್ಟು ‘ನಿಮ್ಮ ಬದುಕು ಬರೆಯಿರಿ’ ಅಂದರೆ ಬರುವುದು ಬಯೋಡೇಟಾ. ಪದವಿ, ಹುದ್ದೆ, ಪ್ರಶಸ್ತಿ. ಎಂಟು-ಹತ್ತು ಪುಟಕ್ಕೆ ಎಲ್ಲ ಮುಗಿದಿರುತ್ತದೆ. ‘ಪ್ರಯೋಗ ನಡೆಸಲಾಯಿತು’ ಎಂದೇ ಜೀವಮಾನವಿಡೀ ಬರೆದ ಕೈ ‘ನಾನು’ ಎನ್ನಲು ಹಿಂಜರಿಯುತ್ತದೆ. ಪ್ರಶ್ನಾವಳಿ ಕಳಿಸಿದರೂ ಪ್ರಶ್ನೆಗೊಂದು ಸಾಲು ಉತ್ತರ, ಅಷ್ಟೇ. ಹಳೆಯ ಲ್ಯಾಬ್ ನೋಟ್‌ಬುಕ್ ಮುಂದಿಟ್ಟು ಮಾತಾಡಿಸುತ್ತೇನೆ, ಆ ಮಾತನ್ನೇ ಕರಡು ಮಾಡುತ್ತೇನೆ ಎಂದಾಗ, ‘ವಯಸ್ಸಾದವರ ನೆನಪು ನಂಬಿ ಪುಸ್ತಕ ಆಗುತ್ತದೆಯೇ’ ಎಂದವರೇ ಹೆಚ್ಚು. ಆಗುತ್ತದೆ. ಈಗ ಅವರೇ ವಿಧಾನ ಕೇಳುತ್ತಿದ್ದಾರೆ.

ಮೊದಲು ಬೇಕಾದದ್ದು ಕಾಲಪಟ್ಟಿ. ಪ್ರಬಂಧ ಅಚ್ಚಾದ ವರ್ಷ ನಂಬಬೇಡಿ. ಪತ್ರಿಕೆಗೆ ಅದು ತಲುಪಿದ ದಿನಾಂಕ ಸಾಮಾನ್ಯವಾಗಿ ಮೊದಲ ಪುಟದಲ್ಲೋ ಕೊನೆಯಲ್ಲೋ ಇರುತ್ತದೆ, ಅದನ್ನು ಬರೆದುಕೊಳ್ಳಿ. ಪಕ್ಕದಲ್ಲಿ ನೋಟ್‌ಬುಕ್ಕಿನ ತಾರೀಖು, ಅದರ ಪಕ್ಕ ಪತ್ರಗಳದ್ದು. ಪ್ರಯೋಗ ಕೆಟ್ಟ ತಿಂಗಳುಗಳು ಇಲ್ಲಿ ತಾವಾಗಿ ಎದ್ದು ಕಾಣುತ್ತವೆ, ಏಕೆಂದರೆ ನೋಟ್‌ಬುಕ್ ತುಂಬಿರುತ್ತದೆ, ಪ್ರಬಂಧ ಒಂದೂ ಇರುವುದಿಲ್ಲ. ಮಾತು ಶುರು ಮಾಡಬೇಕಾದದ್ದು ಆ ತಿಂಗಳುಗಳಿಂದ. ಗೆದ್ದ ಪ್ರಯೋಗದ ಕಥೆ ಹೇಳಿ ಹೇಳಿ ನುಣುಪಾಗಿರುತ್ತದೆ. ಬೆಂಜೀನ್ ಅಣು ಉಂಗುರದಂತಿದೆ ಎಂಬ ಪ್ರಬಂಧವನ್ನು ಜರ್ಮನ್ ರಸಾಯನ ವಿಜ್ಞಾನಿ ಕೆಕುಲೆ ಪ್ರಕಟಿಸಿದ್ದು 1865ರಲ್ಲಿ. ಆ ಉಂಗುರ ಹೊಳೆದದ್ದು ಬಾಲ ಕಚ್ಚಿದ ಹಾವಿನ ಕನಸಿನಿಂದ ಎಂದು ಸಭೆಯಲ್ಲಿ ಹೇಳಿದ್ದು 1890ರಲ್ಲಿ. ಇಪ್ಪತ್ತೈದು ವರ್ಷ ಕಳೆದ ಮೇಲಿನ ನೆನಪನ್ನು ಕಾಗದದ ಜೊತೆ ಕೂರಿಸಿಯೇ ಕೇಳಬೇಕು.

ಮಾತುಕತೆಯ ಒಂದು ಕೂಟ ಒಂದೂವರೆ ಗಂಟೆ ಮೀರಬಾರದು. ಮೀರಿದರೆ ಮಾತು ಮತ್ತೆ ಪ್ರಶಸ್ತಿಗಳ ಕಡೆ ಜಾರುತ್ತದೆ. ಎರಡು ರೆಕಾರ್ಡರ್ ಇಡಿ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಮೊನೋದಲ್ಲಿ ಗಂಟೆಗೆ ಸುಮಾರು ಅರ್ಧ ಜಿಬಿ. ದನಿಯ ಏರಿಳಿತವನ್ನು ತಾನೇ ಸರಿಪಡಿಸುವ ಆಟೋ ಲೆವೆಲ್ ಆಫ್ ಮಾಡಿ, ಇಲ್ಲದಿದ್ದರೆ ಅವರು ಸುಮ್ಮನಾದಾಗಲೆಲ್ಲ ಫ್ಯಾನಿನ ಸದ್ದು ಉಬ್ಬುತ್ತದೆ. ಅತಿ ಜೋರು ದನಿಯೂ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಲಿ. ಕಾಲರ್ ಮೈಕ್ ಬಟ್ಟೆಗೆ ಉಜ್ಜುತ್ತದೆ. ನೋಟ್‌ಬುಕ್ಕಿಗೆ ಬಾಗುವವರಿಗೆ ಅದು ಬೇಡವೇ ಬೇಡ. ಉತ್ತರ ಮುಗಿಯಿತು ಅನಿಸಿದ ಮೇಲೂ ಹತ್ತು ಸೆಕೆಂಡು ಬಾಯಿ ತೆರೆಯಬೇಡಿ. ಒಳ್ಳೆಯ ವಾಕ್ಯ ಬರುವುದೇ ಆ ಮೌನದ ನಂತರ.

ಹಣ ಸೋರುವುದು ಬರಹಕ್ಕಿಳಿಸುವ ಕೆಲಸದಲ್ಲಿ. ಖರ್ಚಿನ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ. ಒಂದು ಗಂಟೆಯ ಮಾತೆಂದರೆ ಏಳೆಂಟು ಸಾವಿರ ಪದ, ಕೇಳಿ ಬರೆಯಲು ಐದಾರು ಗಂಟೆ. ತಂತ್ರಾಂಶಕ್ಕೆ ಕೊಟ್ಟರೆ ಮೊದಲ ಕರಡು ಬೇಗ ಸಿಗುತ್ತದೆ, ಆದರೆ ‘ಮಿಲಿ’ ‘ಮೈಕ್ರೋ’ ಅದಲುಬದಲಾಗುತ್ತವೆ, ಸಹೋದ್ಯೋಗಿಗಳ ಹೆಸರು ಕೆಡುತ್ತದೆ, ‘ಇಲ್ಲ’ ಎಂಬುದೇ ಬಿಟ್ಟುಹೋಗಿ ಸೋತ ಪ್ರಯೋಗ ಗೆದ್ದುಬಿಡುತ್ತದೆ. ಅಂಕಿ, ಹೆಸರು, ‘ಇಲ್ಲ’ ಎಂಬ ನಿಷೇಧ, ಈ ಮೂರನ್ನು ವಿಷಯ ಬಲ್ಲವರು ಧ್ವನಿ ಕೇಳುತ್ತಲೇ ತಿದ್ದಬೇಕು. ಮೈಕಿಗೆ ಸುರಿಯುವ ಹಣವನ್ನು ಈ ತಿದ್ದುವವರಿಗೆ ಕೊಡಿ.

ಕರಡನ್ನು ಕಂಪ್ಯೂಟರ್ ಫೈಲಾಗಿ ಕಳಿಸಿದರೆ ವಿಜ್ಞಾನಿಗಳು ಅದನ್ನು ಮತ್ತೆ ಸಂಶೋಧನಾ ಪ್ರಬಂಧ ಮಾಡಿ ವಾಪಸ್ ಕೊಡುತ್ತಾರೆ. 16 ಪಾಯಿಂಟ್ ಅಕ್ಷರ, ಬಲಗಡೆ ಮೂರು ಬೆರಳು ಜಾಗ ಬಿಟ್ಟು ಮುದ್ರಿಸಿ ಕೊಡಿ. ಅಂಚಿನಲ್ಲಿ ಕೈಯಿಂದ ಬರೆಯುವಾಗ ಸೇರುವ ಮಾತುಗಳೇ ಅಧ್ಯಾಯದ ಜೀವ. ಮಾತಿನ ಮೂರನೇ ಒಂದು ಭಾಗ ಪುಸ್ತಕಕ್ಕೆ ಉಳಿದರೆ ಸಾಕು.

ವಿಡಿಯೊ ಕೂಡ ಪ್ರಯತ್ನಿಸಿದೆ. ಕ್ಯಾಮೆರಾ ಕಂಡೊಡನೆ ಮಾತು ಭಾಷಣವಾಗುತ್ತದೆ. ನೋಟ್‌ಬುಕ್ಕಿನ ಪುಟ ತಿರುಗಿಸುವ ಕೈಯನ್ನಷ್ಟೇ ಹಿಡಿದ ಚಿತ್ರೀಕರಣ ಉಪಯೋಗಕ್ಕೆ ಬಂತು, ಯಾವ ಮಾತು ಯಾವ ಪುಟದ್ದು ಎಂದು ಗೊತ್ತಾಗುತ್ತದೆ. ನೋಟ್‌ಬುಕ್ಕಿಗೆ ಅಂಟಿಸಿದ, ಶಾಖದಿಂದ ಅಚ್ಚು ಮೂಡುವ ಥರ್ಮಲ್ ಕಾಗದದ ಗ್ರಾಫುಗಳನ್ನು ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿ, 600 ಡಿಪಿಐ. ಅವು ತಾವಾಗಿಯೇ ಮಾಸುತ್ತವೆ. ಉಳಿಸಲೆಂದು ಲ್ಯಾಮಿನೇಷನ್‌ಗೆ ಕೊಟ್ಟರೆ ಶಾಖಕ್ಕೆ ಇಡೀ ಹಾಳೆ ಕಪ್ಪಾಗುತ್ತದೆ.

ಕೊನೆಗೆ ಎರಡು ಪ್ರತಿ. ಒಂದು ಓದುಗರಿಗೆ, ಇನ್ನೊಂದು ಕತ್ತರಿ ಕಾಣದ್ದು. ಡಾರ್ವಿನ್ 1876ರಲ್ಲಿ ಬರೆಯತೊಡಗಿದ ಆತ್ಮಕಥನ 1887ರಲ್ಲಿ ಅಚ್ಚಾದಾಗ ಧರ್ಮದ ಕುರಿತ ಭಾಗಗಳನ್ನು ಮನೆಯವರು ತೆಗೆದಿದ್ದರು. ಮೂಲ ಹಸ್ತಪ್ರತಿ ಉಳಿದಿದ್ದರಿಂದಲೇ ಮೊಮ್ಮಗಳು ನೋರಾ ಬಾರ್ಲೊಗೆ 1958ರಲ್ಲಿ ಅವನ್ನು ಮರಳಿ ಸೇರಿಸಲು ಸಾಧ್ಯವಾಯಿತು. ಆದ್ದರಿಂದ ಕತ್ತರಿಸದ ಪ್ರತಿಯನ್ನು ಯಾವಾಗ, ಯಾರು ತೆರೆಯಬಹುದು ಎಂದು ವಿಜ್ಞಾನಿಯ ಸಹಿಯೊಡನೆ ಮೊದಲೇ ಬರೆಸಿಕೊಳ್ಳಿ. ಬೇರೆಯವರು ಅವರಿಗೆ ಬರೆದ ಪತ್ರಗಳ ಹಕ್ಕು ಬರೆದವರದ್ದು. ಅವುಗಳಿಗೆ ಪ್ರತ್ಯೇಕ ಅನುಮತಿ ಬೇಕು, ಅದನ್ನು ಮೊದಲ ಕೂಟದ ವಾರವೇ ಕೇಳಲು ಶುರುಮಾಡಿ, ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು.