ವಿದೇಶದ ಗೆಳೆಯ, ದೆಹಲಿಯ ‘ಮೇಡಂ’

ಫೋನ್ ಮೋಸ ತಪ್ಪಿಸಲು ಭಟ್ಕಳದಿಂದ ಕಾರವಾರದವರೆಗೆ ‘ವಿದೇಶದ ಫೋನ್ ಎತ್ತಲೇಬೇಡಿ’ ಅಂದರೆ ನಡೆಯುವುದಿಲ್ಲ. ಮಗ ದುಬೈಯಲ್ಲಿ, ಅಳಿಯ ಮಸ್ಕತ್ತಿನಲ್ಲಿ, ತಮ್ಮ ಹಡಗಿನಲ್ಲಿ. ಹಾಗಾಗಿ ಮೊದಲು ನಂಬರಿನ ಶುರುವಿನ ಅಂಕಿ ನೋಡಿ. 971 ಯುಎಇ, 968 ಓಮನ್. ನಮ್ಮವರು ಯಾರೂ ಇಲ್ಲದ ದೇಶದಿಂದ ಮಿಸ್ಡ್ ಕಾಲ್ ಬಂದರೆ ತಿರುಗಿ ಮಾಡಬೇಡಿ. ಅಷ್ಟೇ.

ಫೇಸ್‌ಬುಕ್ಕಿನಲ್ಲಿ ಲಂಡನ್ ಡಾಕ್ಟರೋ ಹಡಗಿನ ಕ್ಯಾಪ್ಟನ್ನೋ ಗಂಟುಬಿದ್ದರೆ ಫೋಟೊವನ್ನು ಗೂಗಲ್ ಲೆನ್ಸಿಗೆ ಹಾಕಿ. ಅದೇ ಮುಖ ಬೇರೆ ಹೆಸರಲ್ಲಿ ಸಿಕ್ಕರೆ ಬ್ಲಾಕ್ ಮಾಡಿ. ಸಿಗದಿದ್ದರೆ ಅಸಲಿ ಅಂತಲ್ಲ. ವಿಡಿಯೊ ಕಾಲನ್ನೂ ನಂಬಬೇಡಿ, ಮುಖ ಬದಲಿಸುವ ಸಾಫ್ಟ್‌ವೇರ್ ಬಂದಿದೆ.

ಜನ ಎಡವುವುದು ಇದರ ನಂತರ. ನಮ್ಮ ಪಕ್ಕದ ಮನೆ ಅಕ್ಕ ಕಿವಿರು ಎತ್ತಿ ನೋಡದೆ ಬಂಗಡೆ ಮೀನು ಕೊಳ್ಳುವವಳಲ್ಲ. ಅವಳಿಗೂ ಇಂಥ ಒಬ್ಬ ‘ಕ್ಯಾಪ್ಟನ್’ ಗಂಟುಬಿದ್ದ. ಆರು ತಿಂಗಳು ಒಂದು ರೂಪಾಯಿ ಕೇಳಲಿಲ್ಲ. ಆಮೇಲೆ ‘ಗಿಫ್ಟ್ ಕಳಿಸಿದ್ದೇನೆ’ ಅಂದ. ಎರಡೇ ದಿನಕ್ಕೆ ದೆಹಲಿ ಕಸ್ಟಮ್ಸ್‌ನಿಂದ ಅಂತ ಒಬ್ಬಳ ಫೋನು. ನಂಬರ್ ನಮ್ಮದೇ 91, ಮಾತು ಮರ್ಯಾದೆಯ ಹಿಂದಿ. ಅಕ್ಕನಿಗೆ ಕ್ಯಾಪ್ಟನ್ ಮೇಲೆ ಅನುಮಾನವಿತ್ತು, ಈ ‘ಮೇಡಂ’ ಮೇಲೆ ಇರಲಿಲ್ಲ. ಇಬ್ಬರೂ ಒಂದೇ ಗುಂಪು ಅಂತ ಹೊಳೆಯಲೇ ಇಲ್ಲ. ಮೊದಲು ಡ್ಯೂಟಿ 35 ಸಾವಿರ. ಆಮೇಲೆ ‘ಪಾರ್ಸೆಲ್‌ನಲ್ಲಿ ಪೌಂಡ್ ನೋಟು ಸಿಕ್ಕಿದೆ, ದಂಡ ಕಟ್ಟದಿದ್ದರೆ ಕೇಸು’. ಕಟ್ಟಿದ್ದು ಮುಳುಗಬಾರದು ಅಂತ ಮತ್ತೆ ಕಟ್ಟಿದಳು.

ಇಲ್ಲಿ ನೋಡಬೇಕಾದ್ದು ಒಂದೇ: ದುಡ್ಡು ಯಾರ ಹೆಸರಿಗೆ ಹೋಗುತ್ತಿದೆ? ಯುಪಿಐ ಪಿನ್ ಒತ್ತುವ ಮೊದಲು ಹೆಸರು ಕಾಣುತ್ತದೆ ಅಲ್ವಾ? ಸರ್ಕಾರದ ಸುಂಕ ಯಾರದೋ ಸೇವಿಂಗ್ಸ್ ಖಾತೆಗೆ ಹೋಗುವುದಿಲ್ಲ. ಕಸ್ಟಮ್ಸ್ ಪತ್ರ ಅಂತ ತೋರಿಸಿದರೆ ಅದರಲ್ಲಿ ಡಿಐಎನ್ ನಂಬರ್ (ಪತ್ರದ ಗುರುತಿನ ಸಂಖ್ಯೆ) ಹುಡುಕಿ, ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿ ಸಿಬಿಐಸಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್‌ಗಳನ್ನು ನಾನಂತೂ ನಂಬುವುದಿಲ್ಲ. ‘ಕಸ್ಟಮ್ಸ್ ಡೆಲ್ಲಿ’ ಅಂತ ಕಳ್ಳನೇ ಹೆಸರು ಹಾಕಿಕೊಳ್ಳಬಹುದು.

ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ಬ್ಯಾಂಕ್ ತೆಗೆಯಲಿ ಅಂತ ಕಾಯಬೇಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಬೇಕು. ಯುಟಿಆರ್ ನಂಬರ್ (ದುಡ್ಡು ಕಳಿಸಿದಾಗ ಬರುವ ಗುರುತಿನ ಸಂಖ್ಯೆ) ಕೈಯಲ್ಲಿರಲಿ. ಚಾಟ್ ಅಳಿಸಬೇಡಿ. ಮಗ ನೋಡುತ್ತಾನೆ ಅಂತ ಅಕ್ಕ ಎಲ್ಲ ಅಳಿಸಿಬಿಟ್ಟಿದ್ದಳು.

ಆಮೇಲೆ ‘ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಫೀಸ್ 5 ಸಾವಿರ’ ಅಂತ ಇನ್ನೊಬ್ಬ ಬರುತ್ತಾನೆ. ಅಕ್ಕನಿಗೂ ಬಂದಿತ್ತು. ಈ ಸಲ ಫೋನನ್ನು ನನ್ನ ಕೈಗಿಟ್ಟು ಸುಮ್ನೆ ಒಳಗೆ ಹೋದಳು.