ಎಸ್‌ಪಿಡಿ ಇದ್ದೂ ಟಿವಿ ಸುಡುವುದೇಕೆ?

ಕಾಸರಗೋಡಿನ ಕಡೆ ಸಿಡಿಲಿನ ಕಾಟ ವರ್ಷಕ್ಕೆ ಎರಡು ಸರದಿ: ಮಳೆ ಹಿಡಿಯುವ ಮೊದಲು ಏಪ್ರಿಲ್–ಮೇಯಲ್ಲಿ, ಮತ್ತೆ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಂಜೆಗಳಲ್ಲಿ. ಸಿಡಿಲಿನ ವೋಲ್ಟೇಜ್ ಹೊಡೆತ ಉಪಕರಣಗಳಿಗೆ ತಾಗದಂತೆ ಅರ್ತ್‌ಗೆ ತಿರುಗಿಸುವ ಸಾಧನ ಎಸ್‌ಪಿಡಿ. ಅದನ್ನು ಕೂರಿಸುವುದು ಲೈಸೆನ್ಸ್ ಇರುವ ವಯರ್‌ಮ್ಯಾನ್‌ನ ಕೆಲಸ. ಆದರೆ ಏನು ತರಿಸಬೇಕೆಂಬುದು ಮನೆಯವರಿಗೂ ಗೊತ್ತಿರಲಿ.

ಸಿಂಗಲ್ ಫೇಸ್ ಮನೆಗೆ ಟೈಪ್ 2, ಯುಸಿ (ಸದಾ ತಾಳುವ ವೋಲ್ಟೇಜ್) 320 ವೋಲ್ಟ್, ಐಎನ್ (ಮತ್ತೆ ಮತ್ತೆ ತಾಳುವ ಹೊಡೆತದ ಕರೆಂಟು) 20 ಕೆಎ ಅಂದರೆ 20,000 ಆಂಪಿಯರ್, ಯುಪಿ (ಹೊಡೆತದ ವೇಳೆ ಉಪಕರಣಗಳತ್ತ ದಾಟುವ ವೋಲ್ಟೇಜ್) 1.5 ಕೆವಿ ಅಂದರೆ 1,500 ವೋಲ್ಟ್ ಮೀರದ್ದು ಸಾಕು. ಮಾಡಿನ ಮೇಲೆ ಮಿಂಚುಕಂಬಿ ಇದ್ದರೆ ಮಾತ್ರ ಟೈಪ್ 1+2. ಅಂಗಡಿಯಲ್ಲಿ ‘1+1’ ಜೋಡಣೆಯದ್ದನ್ನೇ ಕೇಳಿ. ಅದರಲ್ಲಿ ಫೇಸ್–ನ್ಯೂಟ್ರಲ್ ನಡುವೆ ವೆರಿಸ್ಟರ್ (ವೋಲ್ಟೇಜ್ ಮಿತಿ ಮೀರಿದಾಗ ಮಾತ್ರ ಕರೆಂಟು ಬಿಡುವ ಭಾಗ), ನ್ಯೂಟ್ರಲ್–ಅರ್ತ್ ನಡುವೆ ಗ್ಯಾಸ್ ಟ್ಯೂಬ್ (ಹೊಡೆತ ಬಂದಾಗ ಮಾತ್ರ ದಾರಿ ಬಿಡುವ ಅನಿಲದ ಕೊಳವೆ) ಇರುತ್ತದೆ. ಮುರಕಲ್ಲಿನ ಗುಡ್ಡೆಯಲ್ಲಿ ಬೇಸಗೆಗೆ ಅರ್ತ್ ಒಣಗುತ್ತದೆ. ಅದರ ರೋಧ 20 ಓಮ್ ಇದೆ ಎನ್ನಿ. ಫೇಸ್‌ನಿಂದ ನೇರ ಅರ್ತ್‌ಗೆ ಕೊಟ್ಟ ವೆರಿಸ್ಟರ್ ಕೆಟ್ಟು ಶಾರ್ಟ್ ಆದರೆ ಹರಿಯುವುದು 230÷20, ಅಂದರೆ ಬರೀ 11.5 ಆಂಪಿಯರ್. 32 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಅಲುಗುವುದೇ ಇಲ್ಲ. ಫ್ರಿಜ್ಜು, ಪಂಪಿನ ಮೈಗೆಲ್ಲ ಕರೆಂಟು ಬರುತ್ತದೆ. 1+1ರಲ್ಲಿ ವೆರಿಸ್ಟರ್ ಹೋದರೆ ಫೇಸ್–ನ್ಯೂಟ್ರಲ್ ಶಾರ್ಟ್, ಎಂಸಿಬಿ ಬಿದ್ದೇ ಬೀಳುತ್ತದೆ.

ಜಾಗ: ಮೇನ್ ಸ್ವಿಚ್ ಆದ ಮೇಲೆ, ಇಎಲ್‌ಸಿಬಿಗಿಂತ (ಕರೆಂಟು ಅರ್ತ್‌ಗೆ ಸೋರಿದರೆ ಬೀಳುವ ಸ್ವಿಚ್) ಮೊದಲು. ಮೇನ್ ಜತೆಗೆ ಇನ್ವರ್ಟರ್, ಸೋಲಾರ್ ಕೂಡ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿಯೇ ಕೈಹಾಕಿ.

ಹೆಚ್ಚಿನ ಕಡೆ ಎಡವುವುದು ತಂತಿಯಲ್ಲಿ. ಸಿಡಿಲಿನ ಹೊಡೆತ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಏರುವುದರಿಂದ, 10 ಕೆಎ ಹರಿದರೆ ಒಂದು ಮೀಟರ್ ತಂತಿಯಲ್ಲೇ ಸುಮಾರು 1,000 ವೋಲ್ಟ್ ನಿಲ್ಲುತ್ತದೆ. ಎಸ್‌ಪಿಡಿಯ 1,500ಕ್ಕೆ ಅದೂ ಸೇರಿ ಟಿವಿಗೆ ಸಿಗುವುದು 2,500. ಫೇಸಿನ ತಂತಿ, ಅರ್ತ್ ಬಾರ್‌ವರೆಗಿನ ತಂತಿ ಎರಡೂ ಕೂಡಿ ಅರ್ಧ ಮೀಟರ್ ದಾಟಬಾರದು. 6 ಚದರ ಮಿಮೀ ತಾಮ್ರ ಹಾಕಿ; ಉಳಿದ ತಂತಿಯನ್ನು ಚಂದಕ್ಕೆ ಸುರುಳಿ ಸುತ್ತಿಡಬೇಡಿ, ಕತ್ತರಿಸಿ. ಡಿಶ್‌ಗೆಂದು ಬೇರೆ ಅರ್ತ್ ಹೊಡೆದಿದ್ದರೆ ಅದನ್ನೂ ಮನೆಯ ಅರ್ತ್‌ಗೆ ಕೂಡಿಸಿ. ತೋಟದ ಪಂಪ್ ಶೆಡ್ಡು ದೂರವಿದ್ದರೆ ಅಲ್ಲಿನ ಸ್ಟಾರ್ಟರ್ ಪಕ್ಕ ಇನ್ನೊಂದು ಎಸ್‌ಪಿಡಿ ಬೇಕು.

ಪ್ಲಗ್ ಬಾಕ್ಸಿನೊಳಗೆ ನೀಲಿ ಬಿಲ್ಲೆಯಂಥ ಬಿಡಿ ವೆರಿಸ್ಟರ್ ಬೆಸೆಯುವ ಚಾಳಿ ಬಿಡಿ. 20ಡಿ431ಕೆ ಎಂದಿದ್ದರೆ ತಾಳುವುದು 275 ವೋಲ್ಟ್. ಲೈನಿನ ನ್ಯೂಟ್ರಲ್ ಕಡಿದು ವೋಲ್ಟೇಜ್ 400ರತ್ತ ಏರಿದರೆ ಅದು ಹೊತ್ತಿಕೊಳ್ಳುತ್ತದೆ. ವೆರಿಸ್ಟರ್ ಬೇಕೇ ಬೇಕೆಂದರೆ, ಬಿಸಿಯೇರಿದಾಗ ಕಡಿದುಕೊಳ್ಳುವ ಥರ್ಮಲ್ ಫ್ಯೂಸ್ ಒಳಗೇ ಇರುವುದಷ್ಟೇ ಕೊಳ್ಳಿ. ನ್ಯೂಟ್ರಲ್ ಕಡಿದಾಗ ಎಸ್‌ಪಿಡಿಯೂ ಕಾಯುವುದಿಲ್ಲ, ಓವರ್‌ವೋಲ್ಟೇಜ್ ರಿಲೇ ಬೇರೆಯೇ ಬೇಕು.

ಗುಡುಗು ಬಂದುಹೋದ ಮೇಲೆ ಎಸ್‌ಪಿಡಿಯ ಮುಖದ ಪುಟ್ಟ ಕಿಟಕಿ ನೋಡಿ. ಹಸಿರು ಹೋಗಿ ಕೆಂಪಾಗಿದ್ದರೆ ಕಾರ್ಟ್ರಿಜ್ (ಎಸ್‌ಪಿಡಿಯ ಕಳಚಿ ತೆಗೆಯುವ ಭಾಗ) ಬದಲಿಸಿ. ವಯರಿಂಗ್‌ಗೆ ಮೆಗ್ಗರ್ (ತಂತಿಯ ಹೊದಿಕೆ ಕೆಟ್ಟಿದೆಯೇ ಎಂದು ನೋಡುವ ಉಪಕರಣ) ಹಿಡಿಯುವ ದಿನ ಕಾರ್ಟ್ರಿಜ್ ಕಳಚಿಡಿ. ಇಲ್ಲದಿದ್ದರೆ 500 ವೋಲ್ಟಿಗೆ ವೆರಿಸ್ಟರ್ ಬಾಯಿಬಿಟ್ಟು, ಸರಿಯಿರುವ ವಯರಿಂಗನ್ನೇ ಕೆಟ್ಟದ್ದೆಂದು ತೋರಿಸುತ್ತದೆ.