ಹದಿನೇಳನೆಯ ಕಂತು ಸಿಕ್ಕಿತು

ಹಳೆಯ ಚಂದಮಾಮ ಮಾಸಪತ್ರಿಕೆಯ ಒಂದು ಧಾರಾವಾಹಿಯನ್ನು ಬಿಡಿ ಸಂಚಿಕೆಗಳಿಂದ ಕೂಡಿಸುತ್ತಿದ್ದೆ, ಕಳೆದ ತಿಂಗಳು ಅದು ಪೂರ್ತಿಯಾಯಿತು. ಇಪ್ಪತ್ತಾರು ಕಂತು, ಇಪ್ಪತ್ತಾರು ಇಡೀ ಸಂಚಿಕೆ. ಒಂದು ಹಾಳೆಯನ್ನೂ ಕತ್ತರಿಸದೆ ಎರಡು ಸಂಪುಟವಾಗಿ ನಾನೇ ಕೈಯಾರೆ ಹೊಲಿದಿದ್ದೇನೆ. “ಬಿಡಿ ಸಂಚಿಕೆ ಕೂಡಿಸಿ ಧಾರಾವಾಹಿ ಮುಗಿಸಿದವರನ್ನು ನಾನು ಕಂಡಿಲ್ಲ” ಎಂದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರೊಬ್ಬರು ಹೇಳಿದ್ದರು. “ಈ ಕಾಗದ ಸೂಜಿ ತಡೆಯುವುದಿಲ್ಲ” ಎಂದು ಬೈಂಡಿಂಗ್‌ನವರು ಕಟ್ಟನ್ನು ವಾಪಸು ಕೊಟ್ಟಿದ್ದರು. ಇಬ್ಬರಿಗೂ ಸಂಪುಟ ತೋರಿಸಿಯೇ ಬಂದೆ.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. ಶುರುವಿನಲ್ಲಿ ಕಟ್ಟುಗಟ್ಟಲೆ ಕೊಂಡೆ. ಮೂರು ಕಟ್ಟಿಗೆ ಸುಮಾರು ಆರು ಸಾವಿರ ಹೋಯಿತು. ಅದರಲ್ಲಿ ನನಗೆ ಬೇಕಾದವು ಐದೋ ಆರೋ. ಅರ್ಧದಷ್ಟಕ್ಕೆ ಮುಖಪುಟವೇ ಇರಲಿಲ್ಲ. ಮುಖಪುಟ ಹೋದರೆ ತಿಂಗಳು ಯಾವುದೆಂದು ತಿಳಿಯುವುದಿಲ್ಲ ಎಂದು ಹಲವರು ಅಂಥ ಪ್ರತಿಗಳನ್ನು ತೂಕಕ್ಕೆ ಹಾಕುತ್ತಾರೆ. ನಾನು ಹಾಕಲಿಲ್ಲ. ಸಂಚಿಕೆಯ ಕೊನೆಯಲ್ಲಿ ಫೋಟೋಗಳಿಗೆ ಶೀರ್ಷಿಕೆ ಕೊಡುವ ಸ್ಪರ್ಧೆ ಇರುತ್ತಿತ್ತಲ್ಲ, ಅದರ ಫಲಿತಾಂಶ ಯಾವ ತಿಂಗಳ ಸಂಚಿಕೆಯಲ್ಲಿ ಎಂದು ಅಲ್ಲೇ ಅಚ್ಚಾಗಿರುತ್ತಿತ್ತು. ಮುಖಪುಟವಿರುವ ಒಂದು ಪ್ರತಿಯೊಡನೆ ತಾಳೆ ನೋಡಿ ಹಿಂದಕ್ಕೆ ಎಣಿಸಿದರೆ ತಿಂಗಳು ಸಿಕ್ಕಿತು. ಆ ಪುಟವೂ ಹರಿದಿದ್ದರೆ ಇನ್ನೊಂದು ದಾರಿ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದೊಡ್ಡ ತಪ್ಪು ಆದದ್ದು ಕತ್ತರಿಯಿಂದ. ಧಾರಾವಾಹಿಯ ಪುಟಗಳನ್ನಷ್ಟೇ ಬಿಡಿಸಿ ಒಂದು ಪುಸ್ತಕ ಮಾಡೋಣ ಎಂದು ಏಳು ಸಂಚಿಕೆ ಕತ್ತರಿಸಿದೆ. ನಡು ಮಡಿಕೆಗೆ ಪಿನ್ ಹೊಡೆದ ಪತ್ರಿಕೆ. ಮುಂದಿನ ಹಾಳೆ ತೆಗೆದರೆ ಅದಕ್ಕೆ ಅಂಟಿಕೊಂಡ ಹಿಂದಿನ ಹಾಳೆಯೂ ಸಡಿಲವಾಗುತ್ತದೆ. ಬೇತಾಳ ಕೇಳಿದ ಪ್ರಶ್ನೆ ಉಳಿಯಿತು, ವಿಕ್ರಮನ ಉತ್ತರ ಎಲ್ಲೋ ಉದುರಿತು. ಆ ಏಳನ್ನೂ ಮತ್ತೆ ಹುಡುಕಿ ಕೊಂಡೆ, ಒಂದೊಂದಕ್ಕೆ ಇನ್ನೂರರಿಂದ ಮುನ್ನೂರು. ಸೆಲ್ಲೋಟೇಪು ಹಚ್ಚಿದ ಪುಟಗಳು ಎರಡೇ ವರ್ಷದಲ್ಲಿ ಕಂದಾದವು. ಒಂದು ಸಂಚಿಕೆಗೆ ಲ್ಯಾಮಿನೇಷನ್ ಮಾಡಿಸಿದೆ. ಅದನ್ನು ಈಗ ಮುಟ್ಟಲು ಮನಸ್ಸಾಗುವುದಿಲ್ಲ.

ಗೆದ್ದದ್ದು ಹಳೆಯ ಮೈದಾ ಅಂಟು. ಗಂಜಿಯ ಹದಕ್ಕೆ ಕಾಯಿಸಿ, ಪೂರ್ತಿ ಆರಿದ ಮೇಲೆ, ಹುಳ ಬೀಳದಂತೆ ಮೈಲುತುತ್ತ ಸೇರಿಸುತ್ತೇನೆ. ಎಷ್ಟು ಎಂದು ಕೇಳಬೇಡಿ, ಆ ಅಳತೆಗೆ ನಾನು ಒಂದು ಮಳೆಗಾಲ ಸವೆಸಿದ್ದೇನೆ. ತುಕ್ಕು ಹಿಡಿದ ಪಿನ್ನನ್ನು ಎಳೆಯದೆ ಒಳಗಿನಿಂದ ಮುರಿದು ತೆಗೆದೆ. ಪ್ರತಿ ಮಡಿಕೆಯ ಬೆನ್ನಿಗೆ ಬೆರಳಗಲದ ಜಪಾನಿ ಟಿಶ್ಯೂ (ತೆಳುವಾದರೂ ಗಟ್ಟಿಯಾದ ಕಾಗದ) ಪಟ್ಟಿ ಅಂಟಿಸಿ ಎರಡು ದಿನ ಕಲ್ಲಿನ ಕೆಳಗಿಟ್ಟೆ. ಸೂಜಿ ಹೋಗುವುದು ಆ ಪಟ್ಟಿಯ ಮೂಲಕ. ಹಳೆಯ ಕಾಗದದ ಮೇಲೆ ಎಳೆತ ಅಷ್ಟಾಗಿ ಬೀಳುವುದಿಲ್ಲ. ಒಂದು ಸಂಚಿಕೆ ಒಂದು ಫಾರಂ, ಅಂದರೆ ಒಟ್ಟಿಗೆ ಹೊಲಿಯುವ ಒಂದು ಮಡಿಕೆ; ಸಂಪುಟಕ್ಕೆ ಹದಿಮೂರು. ರಟ್ಟು, ಕ್ಯಾಲಿಕೋ ಬಟ್ಟೆ, ನೂಲು, ಟಿಶ್ಯೂ ಎಲ್ಲಾ ಸೇರಿ ಸಾವಿರದ ಇನ್ನೂರು ಆಗಿರಬೇಕು.

ಆದರೆ ಹೊಲಿಗೆ ಮುಗಿಯುವ ಮುಂಚೆ ಮೂರು ಕಂತು ಇರಲೇ ಇಲ್ಲ. ಆಗ ತೆಲುಗಿನ ಕಡೆ ಹೊರಳಿದೆ. 1947ರ ಜುಲೈನಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿದ ಪತ್ರಿಕೆ ಇದು. ಚಿತ್ರಗಳು ಎಲ್ಲ ಭಾಷೆಗೂ ಅವೇ. ಕನ್ನಡ ಓದುವವನಿಗೆ ತೆಲುಗು ಲಿಪಿ ಎಷ್ಟು ದೂರ? ಹದಿನೈದು ದಿನದಲ್ಲಿ ಅಕ್ಷರ ಕೂಡಿಸಿದೆ. ನಾವು ಉಸಿರು ಬಿಗಿಹಿಡಿದು ಓದಿದ ಧಾರಾವಾಹಿಗಳ ಕೆಳಗೆ ಹೆಸರೇ ಇರುತ್ತಿರಲಿಲ್ಲ. ಅವುಗಳಲ್ಲಿ ಎಷ್ಟೋ ತೆಲುಗು ಲೇಖಕ ದಾಸರಿ ಸುಬ್ರಹ್ಮಣ್ಯಂ ಅವರವು ಎಂದು ತಿಳಿದದ್ದೂ ತೆಲುಗಿನ ಅಭಿಮಾನಿಗಳಿಂದಲೇ. ತೆಲುಗು ಪ್ರತಿಯಿಂದ ಎರಡು ಕಂತುಗಳನ್ನು ಕನ್ನಡದಲ್ಲಿ ಬರೆದುಕೊಂಡೆ. ಚೆನ್ನಾಗಿಯೇ ಬಂದಿತ್ತು, ಆದರೆ ನಾನು ಬಾಲ್ಯದಲ್ಲಿ ಕೇಳಿದ ದನಿ ಅದಾಗಿರಲಿಲ್ಲ.

ಆ ಮೂಲಕವೇ ಚಂದಮಾಮ ಕೂಡಿಡುವವರ ಪರಿಚಯವಾಗಿ, ಮೈಸೂರಿನಲ್ಲಿ ಒಬ್ಬರ ಮನೆಗೆ ಕರೆ ಬಂತು. ಹಿಂದಿನ ರಾತ್ರಿ ನಿದ್ದೆ ಹತ್ತಲಿಲ್ಲ. ನಲವತ್ತು ವರ್ಷ ಒಬ್ಬನೇ ಹೊತ್ತುಕೊಂಡಿದ್ದ ಹುಚ್ಚು ಅಲ್ಲಿ ಹತ್ತು ಹನ್ನೆರಡು ಜನಕ್ಕಿತ್ತು! ಚಾಪೆಯ ತುಂಬ ಸಂಚಿಕೆಗಳು. ಚಿತ್ರದ ಕೆಳಗಿನ ಸಹಿಯನ್ನು ಬೆರಳಿನಿಂದ ಮುಚ್ಚಿ, ಚಂದಮಾಮದ ಚಿತ್ರಕಾರರಲ್ಲಿ ‘ಇದು ಚಿತ್ರಾ ಅವರದೋ ಶಂಕರ್ ಅವರದೋ ಹೇಳಿ’ ಎಂದು ಪಂಥ ಕಟ್ಟುತ್ತಿದ್ದರು. ನಾನು ಒಂದನ್ನೂ ತಪ್ಪಲಿಲ್ಲ. ಅಲ್ಲಿ ದುಡ್ಡಿನ ಮಾತಿಲ್ಲ, ಹೆಚ್ಚಿಗೆ ಇರುವ ಪ್ರತಿಗೆ ಹೆಚ್ಚಿಗೆ ಇರುವ ಪ್ರತಿಯ ವಿನಿಮಯ. ದಂಡವೆಂದುಕೊಂಡಿದ್ದ ಆ ಕಟ್ಟುಗಳೇ ನನ್ನ ಬಂಡವಾಳವಾದವು: ಮೂವತ್ತರಷ್ಟು ಕೊಟ್ಟೆ, ನಾಲ್ಕು ಭೇಟಿಯಲ್ಲಿ ಎರಡು ಕಂತು ಸಿಕ್ಕಿದವು.

ಕೊನೆಯದನ್ನು ಕೊಟ್ಟವರು ನಿವೃತ್ತ ಶಾಲಾ ಮೇಡಂ ಒಬ್ಬರು. “ನಿಮಗೆ ಬೇಕಾದ್ದು ಹದಿನೇಳನೆಯದು ತಾನೇ?” ಎಂದು ಸೆರಗಿನಲ್ಲಿ ಧೂಳೊರೆಸಿ ಕೈಗಿಟ್ಟರು. ಬದಲಿಗೆ ಏನನ್ನೂ ತೆಗೆದುಕೊಳ್ಳಲಿಲ್ಲ.

ಪ್ರತಿ ಕಂತಿನ ತಲೆಯಲ್ಲಿ ಹಿಂದಿನ ಕಥೆಯನ್ನು ಕೆಲವೇ ಸಾಲಿನಲ್ಲಿ ಹೇಳಿರುತ್ತಿದ್ದರು. ಹದಿನೆಂಟನೆಯದರ ಆ ಸಾಲುಗಳು ನನಗೆ ಬಾಯಿಪಾಠ. ಹದಿನೇಳನೆಯದನ್ನು ಇಷ್ಟು ವರ್ಷ ನಾನು ಓದಿದ್ದು ಅಷ್ಟರಲ್ಲೇ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಮಂಡ್ಯ ದಾಟುವವರೆಗೆ ಪುಟ ತೆರೆಯಲಿಲ್ಲ. ಆಮೇಲೆ ತೆರೆದೆ.